ಹೂವಿನ ಜೊತೆ ಯಾವ ಬಳ್ಳಿ? ಗಾಜಿನ ಹೂದಾನಿಗೆ ಇಳಿಬಳ್ಳಿ ಆರಿಸುವ ಬಗೆ

ಬಿಗಿಯಾಗಿ ನಿಂತ ಹೂಗೊಂಚಲಿನ ಪಕ್ಕದಿಂದ ಒಂದು ಬಳ್ಳಿ ಹೂದಾನಿಯ ಅಂಚು ದಾಟಿ ಕೆಳಗಿಳಿದರೆ ಇಡೀ ಜೋಡಣೆಯ ಕಳೆಯೇ ಬೇರೆ. ಗೊಂದಲ ಶುರುವಾಗುವುದು ಯಾವ ಬಳ್ಳಿ ಎನ್ನುವಲ್ಲಿ. ಮನಿ ಪ್ಲಾಂಟೋ, ಐವಿಯೋ, ನೇರಳೆ ಪಟ್ಟೆಯ ಟ್ರಾಡೆಸ್ಕಾಂಶಿಯಾವೋ, ಗೆಣಸಿನ ಬಳ್ಳಿಯೋ? ಗಿಡದ ಮೇಲೆ ಎಲ್ಲವೂ ಚೆಂದವೇ. ಕತ್ತರಿಸಿ ನೀರಿಗೆ ಇಳಿಸಿದ ಮೇಲೆ ಒಂದೊಂದರ ನಡತೆ ಒಂದೊಂದು ಥರ.

ಹೆಚ್ಚಿನವರು ಎಲೆಯ ಬಣ್ಣ ನೋಡಿ ಆರಿಸುತ್ತಾರೆ. ಮೊದಲು ನೋಡಬೇಕಾದ್ದು ಆಯುಸ್ಸು. ಗುಲಾಬಿ ನೀರಿನಲ್ಲಿ 5ರಿಂದ 7 ದಿನ ಇರುತ್ತದೆ, ಜರ್ಬೆರಾ ಹೆಚ್ಚುಕಡಿಮೆ ಒಂದು ವಾರ, ಕಾರ್ನೇಶನ್ ಮತ್ತು ಸೇವಂತಿಗೆ 10ರಿಂದ 14 ದಿನ, ಆಂಥೂರಿಯಂ ಎರಡು ವಾರ ದಾಟುವುದೂ ಉಂಟು. ಅದೇ ನೀರಿನಲ್ಲಿರುವ ಬಳ್ಳಿಯ ಕಡ್ಡಿ ಅಷ್ಟರಲ್ಲಿ ಬೇರು ಬಿಟ್ಟು ಸಂಸಾರ ಹೂಡಿರುತ್ತದೆ, ಇಲ್ಲವೇ ಹೂವಿಗಿಂತ ಮೊದಲೇ ಎಲೆ ಉದುರಿಸಿ ಕೂತಿರುತ್ತದೆ. ಹೂವಿಗೂ ಬಳ್ಳಿಗೂ ನೀರಿನಿಂದ ಬೇಕಾದ್ದೂ ಬೇರೆ ಬೇರೆ. ಆದ್ದರಿಂದ ಬಳ್ಳಿ ಆರಿಸುವುದೆಂದರೆ ಈ ಜೋಡಣೆ ನಿಮಗೆ ಒಂದು ವಾರಕ್ಕೆ ಬೇಕೋ, ತಿಂಗಳುಗಟ್ಟಲೆ ಬೇಕೋ ಎಂದು ಮೊದಲು ತೀರ್ಮಾನಿಸುವುದು. ಎಲೆಯ ಬಣ್ಣದ ಮಾತು ಆಮೇಲಿನದು.

ಯಾವುದನ್ನು ನೋಡಿ ತೂಗಬೇಕು

ಆಯುಸ್ಸಿನ ನಂತರ ಬರುವುದು ನೀರಿನ ತಿಳಿ. ಮಣ್ಣಿನ ಇಲ್ಲವೇ ಹಿತ್ತಾಳೆಯ ಹೂದಾನಿಯಾದರೆ ಒಳಗಿನ ರಾಮಾಯಣ ಯಾರಿಗೂ ಕಾಣುವುದಿಲ್ಲ. ಗಾಜಿನಲ್ಲಿ ದಂಟು, ಬೇರು, ಲೋಳೆ, ಪಾಚಿ ಎಲ್ಲವೂ ಪ್ರದರ್ಶನಕ್ಕಿಟ್ಟಂತೆ. ಕೆಲವು ಬಳ್ಳಿಗಳ ದಂಟು ನೀರಿನಲ್ಲಿ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ, ಕೆಲವುದರದು ನಾಲ್ಕೇ ದಿನದಲ್ಲಿ ಮೆತ್ತಗಾಗಿ ನೀರು ಕದಡುತ್ತದೆ. ನೀರು ಕದಡಿತೆಂದರೆ ಬ್ಯಾಕ್ಟೀರಿಯಾ ಹೆಚ್ಚಿತೆಂದೇ ಅರ್ಥ. ಅದು ಹೂವಿನ ದಂಟಿನೊಳಗಿನ ನೀರ್ನಾಳಗಳನ್ನು ಮುಚ್ಚುತ್ತದೆ, ಹೂವು ನೀರಿನಲ್ಲೇ ನಿಂತು ಬಾಯಾರಿ ಬಾಡುತ್ತದೆ.

ಇನ್ನು ಬಾಗು. ಅಂಚಿನ ಮೇಲೆ ಬಾಗಿ ಇಳಿಯುವಾಗ ದಂಟು ಮುರಿಯುತ್ತದೋ, ಮಡಿಕೆ ಬೀಳುತ್ತದೋ, ಸಲೀಸಾಗಿ ಒಲಿಯುತ್ತದೋ ನೋಡಬೇಕು. ಮಡಿಕೆ ಬಿದ್ದ ಕಡೆ ನೀರು ಮುಂದೆ ಹೋಗದೆ ಅಲ್ಲಿಂದಾಚೆಗಿನ ಎಲೆಗಳು ಸೊರಗುತ್ತವೆ. ಮನೆಯಲ್ಲಿ ಬೆಕ್ಕು, ನಾಯಿ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗಿಡುವ ಮಗು ಇದ್ದರೆ ಸೊನೆಯ ಗುಣ ಉಳಿದೆಲ್ಲ ಲೆಕ್ಕವನ್ನೂ ಮೀರಿಸುತ್ತದೆ. ಇಳಿಬಿದ್ದ ಬಳ್ಳಿಯ ತುದಿ ಅವುಗಳ ಮೂತಿಯ ಮಟ್ಟಕ್ಕೇ ಬಂದಿರುತ್ತದೆ.

ಖರ್ಚಿನ ಮಾತು ಸರಳ. ಕುಂಡದಲ್ಲಿ ಗಿಡವಿದ್ದರೆ ಕಡ್ಡಿ ಬಿಟ್ಟಿ. ಒಂದು ಕಡ್ಡಿಯನ್ನೇ ಮತ್ತೆ ಮತ್ತೆ ಬಳಸಬಹುದಾದರೆ ಪ್ರತಿ ಸಲ ಹಣ ಹೋಗುವುದು ಹೂವಿಗೆ ಮಾತ್ರ. ಹೂವಂಗಡಿಯಿಂದ ಎಲೆಕಡ್ಡಿಗಳನ್ನು ಕೊಂಡರೆ ಅವೂ ಹೂವಿನಂತೆಯೇ ಒಂದು ಸಲದ ಸಾಮಾನು.

ಮನಿ ಪ್ಲಾಂಟ್

ಎಲ್ಲರ ಮನೆಯಲ್ಲೂ ಇರುವ ಕಾರಣಕ್ಕೆ ಇದನ್ನು ಕಡೆಗಣಿಸುವುದು ತಪ್ಪು. ನೀರಿನಲ್ಲಿ ಇದರಷ್ಟು ದಿನ ಬಾಳುವ, ಇದರಷ್ಟು ಕಡಿಮೆ ನೀರು ಕೆಡಿಸುವ ಇಳಿಬಳ್ಳಿ ಇನ್ನೊಂದಿಲ್ಲ. ಬಳ್ಳಿಯನ್ನು ಕೈಯಲ್ಲಿ ಹಿಡಿದು ಎಲೆಯ ತೊಟ್ಟು ದಂಟಿಗೆ ಸೇರುವ ಕಡೆ ನೋಡಿ. ಗೆಣ್ಣಿನ ಹತ್ತಿರ ಕಂದು ಬಣ್ಣದ, ಭತ್ತದ ಕಾಳಿನಷ್ಟೋ ಅದಕ್ಕಿಂತ ಸಣ್ಣದೋ ಒಂದು ಮೊನೆ ಇರುತ್ತದೆ. ಬೇರು ಬರುವುದು ಅಲ್ಲಿಂದ. ಆ ಗೆಣ್ಣಿನ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಗೆಣ್ಣೇ ಇಲ್ಲದ, ಬರೀ ತೊಟ್ಟಿನ ಎಲೆಯನ್ನು ನೀರಿಗಿಟ್ಟರೆ ಕೆಲವು ವಾರ ಹಸಿರಾಗಿರಬಹುದು, ಬೇರೂ ತೋರಬಹುದು, ಆದರೆ ಹೊಸ ಬಳ್ಳಿ ಚಿಗುರುವುದಿಲ್ಲ.

ಬೆಚ್ಚಗಿನ ಕೋಣೆಯಲ್ಲಿ 7ರಿಂದ 14 ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ಎರಡು ಗೆಣ್ಣು ನೀರಿನೊಳಗಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಆ ಗೆಣ್ಣುಗಳ ಎಲೆಗಳನ್ನು ಬುಡಸಮೇತ ತೆಗೆದುಬಿಡಿ, ತೊಟ್ಟಿನ ಚೂರೂ ನೀರಿನಲ್ಲಿ ಉಳಿಯಬಾರದು. ಈ ಬಳ್ಳಿ ತಿಂಗಳುಗಟ್ಟಲೆ ಬರೀ ನೀರಿನಲ್ಲಿರುತ್ತದೆ. ಗೊಬ್ಬರ ಕಾಣದ ಕಾರಣ ಹೊಸ ಎಲೆಗಳು ಚಿಕ್ಕದಾಗುತ್ತ ಹೋಗುತ್ತವೆ, ಅಷ್ಟೇ.

ತೊಂದರೆಗಳೂ ಇವೆ. ದಂಟು ದಪ್ಪ, ಹಾಗಾಗಿ ಬಾಯಿ ಕಿರಿದಾದ ಹೂದಾನಿಯಲ್ಲಿ ಹೂವಿನ ಜಾಗ ತಿನ್ನುತ್ತದೆ. ಎಲೆಗಳು ಎರಡು ಮೂರು ದಿನದಲ್ಲಿ ಬೆಳಕಿನತ್ತ ಮುಖ ತಿರುಗಿಸುತ್ತವೆ. ಸೋಮವಾರ ನಿಮ್ಮನ್ನು ನೋಡುತ್ತಿದ್ದ ಎಲೆ ಗುರುವಾರ ಕಿಟಕಿ ನೋಡುತ್ತಿರುತ್ತದೆ. ಜೋಡಿಸುವಾಗಲೇ ಹೂದಾನಿಯ ಮುಂಭಾಗ ಬೆಳಕಿನ ಕಡೆಗಿದ್ದರೆ ಈ ತಾಪತ್ರಯವಿಲ್ಲ. ಬೇರು ಚೆನ್ನಾಗಿ ಬಂದ ಮೇಲೆ ಬೆಳಗಿನ ಹೊತ್ತು ಎಲೆಯ ತುದಿಯಿಂದ ನೀರಿನ ಹನಿ ತೊಟ್ಟಿಕ್ಕುವುದೂ ಉಂಟು. ಹೂದಾನಿ ಸೋರುತ್ತಿದೆ ಎಂದು ಗಾಬರಿ ಬೀಳಬೇಡಿ, ಬೇರು ಮೇಲೆತ್ತಿದ ಹೆಚ್ಚಿನ ನೀರು ಅದು. ಮರದ ಮೇಜಾದರೆ ಕೆಳಗೊಂದು ತಟ್ಟೆ ಇಡಿ. ಇನ್ನು ಎಲೆ, ದಂಟಿನ ತುಂಬ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಪ್ರಾಣಿಗಳಿರುವ ಮನೆಗೆ ಇದು ಬೇಡ.

ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್ ಇದರ ನಾಜೂಕು ತಂಗಿ ಇದ್ದಂತೆ. ಎಲೆ ತೆಳು, ದಂಟು ಸಣ್ಣ, ಬಾಗು ಸಲೀಸು. ಬೇರಿನ ವೇಗವೂ ಹರಳಿನ ತೊಂದರೆಯೂ ಅದೇ. 5 ಸೆಂಟಿಮೀಟರ್ ಬಾಯಿಯ ಹೂದಾನಿಗೆ ಮನಿ ಪ್ಲಾಂಟಿಗಿಂತ ಇದೇ ಮೇಲು. ಸಿಂಗೋನಿಯಂ ಕೂಡ ನೀರಿನಲ್ಲಿ ಬೇರು ಬಿಡುತ್ತದೆ, ಆದರೆ ಕತ್ತರಿಸಿದಾಗ ಹಾಲಿನಂಥ ಸೊನೆ ಸುರಿಸುತ್ತದೆ, ಎಳೆಯ ಗಿಡ ಇಳಿಬೀಳುವುದಕ್ಕಿಂತ ನೆಟ್ಟಗೆ ನಿಲ್ಲುವುದೇ ಹೆಚ್ಚು. ಈ ಕೆಲಸಕ್ಕೆ ಅದರ ಹಿಂದೆ ಬೀಳಬೇಕಿಲ್ಲ.

ಟ್ರಾಡೆಸ್ಕಾಂಶಿಯಾ

ಎಲೆಯ ಮೇಲೆ ಬೆಳ್ಳಿ ಪಟ್ಟೆ, ಅಡಿಯಲ್ಲಿ ಗಾಢ ನೇರಳೆ. ಗಾಜಿನ ಹೂದಾನಿಯನ್ನು ಎತ್ತರದ ಜಾಗದಲ್ಲಿಟ್ಟಾಗ ಕೆಳಗಿನಿಂದ ನೋಡುವವರಿಗೆ ಆ ನೇರಳೆಯೇ ಕಾಣುತ್ತದೆ. ಬಿಳಿ ಗುಲಾಬಿ, ತಿಳಿ ಗುಲಾಬಿ ಬಣ್ಣದ ಕಾರ್ನೇಶನ್ ಜೊತೆಗೆ ಇದಕ್ಕೆ ಸಾಟಿಯಿಲ್ಲ. ಬೇರಿನ ವೇಗದಲ್ಲಂತೂ ಮನಿ ಪ್ಲಾಂಟನ್ನೂ ಮೀರಿಸುತ್ತದೆ: ನಾಲ್ಕರಿಂದ ಏಳು ದಿನ ಸಾಕು.

ಆದರೆ ದಂಟಿನ ತುಂಬ ನೀರು. ಬಗ್ಗಿಸಲು ಹೋದರೆ ಗೆಣ್ಣಿನಲ್ಲಿ ಪಟ್ಟನೆ ಮುರಿಯುತ್ತದೆ. ಎಲೆಯ ಬುಡ ದಂಟನ್ನು ಕವಚದಂತೆ ಸುತ್ತಿರುವುದರಿಂದ, ಎಲೆ ಕಿತ್ತರೂ ಆ ಕವಚ ದಂಟಿಗೆ ಅಂಟಿಕೊಂಡು ಉಳಿದು ನೀರಿನಲ್ಲಿ ಕೊಳೆಯುತ್ತದೆ. ಉಗುರಿನಿಂದ ಸುತ್ತಲೂ ಸೀಳಿ ಬಿಡಿಸಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು, ನಾಲ್ಕನೇ ದಿನ ನೀರು ಮಬ್ಬಾಗಲು ಕಾರಣವೂ ಇದೇ. ಉದ್ದ ಕಡ್ಡಿಯ ಬುಡದ ಕಡೆಯ ಎಲೆಗಳು ಬೇಗ ಒಣಗಿ ಕಂದಾಗುತ್ತವೆ. 15ರಿಂದ 20 ಸೆಂಟಿಮೀಟರಿನ ಕುಡಿಗಳನ್ನೇ ನಾಲ್ಕೈದು ಬಳಸುವುದು ಒಂದೇ ಉದ್ದ ಕಡ್ಡಿಗಿಂತ ವಾಸಿ. ಮಂದ ಬೆಳಕಿನಲ್ಲಿ ಪಟ್ಟೆಯ ಬಣ್ಣ ಮಾಸುತ್ತದೆ. ಸೊನೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ನಾಯಿಗಳಿಗೂ ತುರಿಕೆ ತರಬಹುದು.

ಐವಿ

ಹೂ ಜೋಡಿಸುವವರ ಹಳೆಯ ನೆಚ್ಚಿನ ಬಳ್ಳಿ. ದಂಟು ಸಣ್ಣ, ಆದರೆ ನಾರುಳ್ಳದ್ದು. ಅಂಚಿನ ಮೇಲೆ ಬಗ್ಗಿಸಿದರೂ, ಹೂವಿನ ದಂಟಿಗೆ ಸುತ್ತಿದರೂ ಮುರಿಯುವುದಿಲ್ಲ. ಗೆರೆಯ ಅಂದದಲ್ಲಿ ಇದಕ್ಕೆ ಸಮ ಬೇರೆ ಇಲ್ಲ ಎಂದೇ ಹೇಳಬೇಕು: ಚಿಕ್ಕ ಚೂಪು ಎಲೆಗಳು ಒಂದರ ಹಿಂದೊಂದು ಸಾಲಾಗಿ ಇಳಿಯುವಾಗ ಹೂವಿನ ಮೇಲಿನ ಕಣ್ಣು ತಾನಾಗಿ ಕೆಳಗೆ ಜಾರುತ್ತದೆ. ಕತ್ತರಿಸಿದ ಐವಿ ಎರಡು ಮೂರು ವಾರ ತಾಜಾ ಇರುತ್ತದೆ, ಬೇರು ಬಿಡಲು ಮೂರು ನಾಲ್ಕು ವಾರ ಬೇಕು.

ಐವಿಗೆ ತಂಪು ಬೇಕು. ಸೆಖೆಯ ಕೋಣೆಯಲ್ಲಿ, ಒಣ ಗಾಳಿಯಲ್ಲಿ ಎಲೆಯ ಅಂಚು ಗರಿಗರಿಯಾಗಿ ಉದುರುತ್ತದೆ, ಜೇಡ ನುಸಿಯೂ ಹತ್ತುತ್ತದೆ. ತೀರ ಎಳೆಯ ಕುಡಿ ಕತ್ತರಿಸಿದ ಗಂಟೆಯೊಳಗೆ ಜೋಲು ಬೀಳುತ್ತದೆ. ಕುಡಿಯ ತುದಿ 3 ಸೆಂಟಿಮೀಟರ್ ಚಿವುಟಿ, ಉಳಿದ ಬಳ್ಳಿಯನ್ನು ಎಲೆಸಮೇತ ತಣ್ಣೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಟ್ಟು ಆಮೇಲೆ ಜೋಡಿಸಿ. ಈ ಮುಳುಗುಸ್ನಾನ ಐವಿಗೆ ಹೇಳಿ ಮಾಡಿಸಿದ್ದು, ರೋಮವಿರುವ ಎಲೆಗಳಿಗೆ ಮಾತ್ರ ಮಾಡಬೇಡಿ. ಐವಿಯ ರಸದಲ್ಲಿ ಫಾಲ್ಕರಿನಾಲ್ ಎಂಬ ವಸ್ತುವಿದೆ, ಕೆಲವರ ಚರ್ಮಕ್ಕೆ ಅದು ಗುಳ್ಳೆ, ತುರಿಕೆ ತರುತ್ತದೆ. ಕತ್ತರಿಸುವಾಗ ಕೈಗವಸು ಹಾಕಿಕೊಂಡರೆ ನಷ್ಟವೇನಿಲ್ಲ. ತಿಂದರೆ ಪ್ರಾಣಿಗಳಿಗೂ ವಿಷ.

ಉಳಿದವು

ಗೆಣಸಿನ ಬಳ್ಳಿಯಲ್ಲಿ ಅಂದಕ್ಕೆಂದೇ ಬೆಳೆಸುವ ಕಪ್ಪು ನೇರಳೆ ಮತ್ತು ಎಳೆ ಹಸಿರಿನ ತಳಿಗಳಿವೆ. ಬಣ್ಣದ ಆಸೆಗೆ ಇವನ್ನು ತಂದವರು ಮೊದಲ ಗಂಟೆಯಲ್ಲೇ ನಿರಾಶರಾಗುತ್ತಾರೆ, ಏಕೆಂದರೆ ಕತ್ತರಿಸಿದ ಕೂಡಲೇ ಬಳ್ಳಿ ಬಟ್ಟೆಯಂತೆ ಜೋಲು ಬೀಳುತ್ತದೆ. ಎಸೆಯಬೇಡಿ. ನೆರಳಿನಲ್ಲಿ, ಕುತ್ತಿಗೆವರೆಗೆ ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಎದ್ದು ನಿಲ್ಲುತ್ತದೆ. ಕೆಲವೇ ದಿನದಲ್ಲಿ ಬೇರು ಪೊದೆಯಂತೆ ಬರುತ್ತದೆ. ಹಳೆಯ ಎಲೆಗಳು ಮಾತ್ರ ವಾರಕ್ಕೆ ಒಂದೆರಡರಂತೆ ಹಳದಿಯಾಗುತ್ತ ಹೋಗುತ್ತವೆ. ದಿನಾ ಕಣ್ಣಿಡುವ ಪುರಸೊತ್ತು ಇದ್ದವರಿಗೆ ಮಾತ್ರ.

ಸ್ಪೈಡರ್ ಪ್ಲಾಂಟ್ ನಿಜಕ್ಕೂ ಬಳ್ಳಿಯಲ್ಲ, ಉದ್ದ ಕಾಂಡದ ತುದಿಯಲ್ಲಿ ಮರಿಗಳನ್ನು ನೇತುಬಿಡುವ ಗಿಡ. ಮರಿಯ ಬುಡದಲ್ಲಿ ಬೇರಿನ ಮೊನೆಗಳು ಮೊದಲೇ ತಯಾರಿರುತ್ತವೆ. ಬುಡ ಮಾತ್ರ ನೀರು ಮುಟ್ಟಬೇಕು, ಎಲೆಗಳು ಹೊರಡುವ ಸುಳಿ ಮುಳುಗಿದರೆ ಕೊಳೆಯುತ್ತದೆ. ಬಾಯಿ ಅಗಲವಾದ ಬಟ್ಟಲಿನ ಅಂಚಿನಲ್ಲಿ ಇದು ಚೆನ್ನ, ಕಿರಿದಾದ ಬಾಯಿಗೆ ಒಗ್ಗುವುದಿಲ್ಲ. ಸ್ವೀಡಿಷ್ ಐವಿ ಹೆಸರಿಗೆ ಮಾತ್ರ ಐವಿ. ಚೌಕ ದಂಟು, ದುಂಡನೆಯ ಹೊಳಪಿನ ಎಲೆ, ನೀರಿನಲ್ಲಿ ಹತ್ತು ದಿನದ ಆಸುಪಾಸಿಗೆ ಬೇರು. ಈ ಎರಡೂ ಬೆಕ್ಕು ನಾಯಿಗಳಿಗೆ ವಿಷವಲ್ಲ. ಪ್ರಾಣಿಗಳಿರುವ ಮನೆಯವರಿಗೆ ಇಷ್ಟೊಂದು ಬಳ್ಳಿಗಳಲ್ಲಿ ಉಳಿಯುವುದು ಇವೆರಡೇ. ಹೋಯಾ ಕೂಡ ವಿಷವಲ್ಲದ್ದೇ, ಆದರೆ ನೀರಿನಲ್ಲಿ ಬಲು ನಿಧಾನಿ.

ಅಸ್ಪರಾಗಸ್ ಫರ್ನನ್ನು ಗುಲಾಬಿಯ ಜೊತೆ ಕೊಡುವುದು ವಾಡಿಕೆ. ಮಂಜಿನಂಥ ಹಸಿರು, ಹೌದು. ನೀರಿನಲ್ಲಿ ಬೇರು ಬಿಡುವುದಿಲ್ಲ, ಒಂದು ವಾರದ ಹೊತ್ತಿಗೆ ಸೂಜಿಯಂಥ ಎಲೆಗಳು ಮೇಜಿನ ತುಂಬ ಉದುರುತ್ತವೆ, ದಂಟಿನಲ್ಲಿ ಸಣ್ಣ ಮುಳ್ಳುಗಳಿರುತ್ತವೆ. ಒಂದು ಸಂಜೆಯ ಸಮಾರಂಭಕ್ಕೆ ಸರಿ, ತಿಂಗಳ ಜೋಡಣೆಗಲ್ಲ.

ನೀರು ಒಂದೇ, ಬೇಡಿಕೆ ಎರಡು

ಬಳ್ಳಿ ಯಾವುದೇ ಆಗಲಿ, ಸಮಸ್ಯೆ ಏಳುವುದು ಇಲ್ಲಿ. ಹೂವಿನ ಜೊತೆ ಸಿಗುವ ಪುಡಿಯಲ್ಲಿ ಮೂರು ವಸ್ತುಗಳಿರುತ್ತವೆ: ಹೂವಿಗೆ ಶಕ್ತಿ ಕೊಡುವ ಸಕ್ಕರೆ, ನೀರನ್ನು ಹುಳಿಯಾಗಿಸುವ ಆಮ್ಲ, ಬ್ಯಾಕ್ಟೀರಿಯಾ ತಡೆಯುವ ಔಷಧ. ಗುಲಾಬಿಗೆ ಇದು ಒಳ್ಳೆಯದು. ಬೇರು ಬಿಡುತ್ತಿರುವ ಕಡ್ಡಿಗೆ ಬೇಡ, ಅದಕ್ಕೆ ಬೇಕಾದ್ದು ಬರೀ ನೀರು. ಇಬ್ಬರಿಗೂ ಇರಲಿ ಎಂದು ಅರ್ಧ ಪೊಟ್ಟಣ ಹಾಕುವವರಿದ್ದಾರೆ. ಅದು ಎಲ್ಲಕ್ಕಿಂತ ಕೆಟ್ಟ ಉಪಾಯ, ಏಕೆಂದರೆ ಸಕ್ಕರೆ ಬ್ಯಾಕ್ಟೀರಿಯಾವನ್ನು ಸಾಕುವಷ್ಟಿರುತ್ತದೆ, ಔಷಧ ಅದನ್ನು ತಡೆಯುವಷ್ಟಿರುವುದಿಲ್ಲ.

ಹಾಗಾದರೆ ಮೂರು ದಾರಿ. ಒಂದು ವಾರದ ಜೋಡಣೆಯಾದರೆ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಗೇ ಹಾಕಿ, ಬೇರಿನ ಆಸೆ ಬಿಡಿ. ಐವಿ, ಅಸ್ಪರಾಗಸ್ ಫರ್ನ್‌ಗಳಿಗೆ ಇದೇ ಸರಿ. ಎರಡನೆಯದು, ಬರೀ ನೀರು, ಎರಡು ದಿನಕ್ಕೊಮ್ಮೆ ಪೂರ್ತಿ ಬದಲಾವಣೆ. ಹೂವು ಒಂದೆರಡು ದಿನ ಮೊದಲೇ ಬಾಡಬಹುದು, ಬಳ್ಳಿ ಉಳಿಯುತ್ತದೆ. ಕಾರ್ನೇಶನ್, ಸೇವಂತಿಗೆಯಂಥ ಗಟ್ಟಿ ಹೂಗಳಾದರೆ ಆ ನಷ್ಟ ಅಷ್ಟಾಗಿ ತಿಳಿಯುವುದೂ ಇಲ್ಲ.

ಮೂರನೆಯದು ಗಾಜಿನೊಳಗೆ ಗಾಜು, ಮತ್ತು ತಿಂಗಳುಗಟ್ಟಲೆ ಇಡುವವರಿಗೆ ಇದನ್ನೇ ಹೇಳಬೇಕು. ದೊಡ್ಡ ಹೂದಾನಿಯಲ್ಲಿ ಬಳ್ಳಿ ಮತ್ತು ಬರೀ ನೀರು; ನಡುವೆ ಒಂದು ಸಣ್ಣ ಉದ್ದನೆಯ ಗಾಜಿನ ಕೊಳವೆ ಇಲ್ಲವೇ ಕಿರಿದಾದ ಲೋಟ, ಅದರಲ್ಲಿ ಪುಡಿ ಬೆರೆಸಿದ ನೀರು ಮತ್ತು ಹೂವು. ಕೊಳವೆಯ ಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ 3 ಸೆಂಟಿಮೀಟರ್ ಮೇಲಿರಬೇಕು. ತೇಲಿ ವಾಲದಂತೆ ತಳದಲ್ಲಿ ನಾಲ್ಕು ತೊಳೆದ ಬೆಣಚುಕಲ್ಲು ಹಾಕಿ. ಇದರ ದೊಡ್ಡ ಲಾಭ ನೀರಿನದಲ್ಲ, ಬೇರಿನದು. ಮನಿ ಪ್ಲಾಂಟಿನ ಬೇರು ಎರಡು ವಾರದಲ್ಲಿ ಪಕ್ಕದ ಹೂವಿನ ದಂಟಿಗೆ ಸುತ್ತಿಕೊಳ್ಳುತ್ತದೆ. ಬಾಡಿದ ಹೂವು ಎಳೆದರೆ ಬೇರೂ ಕಿತ್ತು ಬರುತ್ತದೆ. ಕೊಳವೆಯಿದ್ದರೆ ಹೂವನ್ನಷ್ಟೇ ಎತ್ತಿ ಹೊಸದನ್ನು ಇಡಬಹುದು.

ಹೂದಾನಿಯ ಬಾಯಿ

ಬಾಯಿ 4ರಿಂದ 5 ಸೆಂಟಿಮೀಟರ್ ಇದ್ದರೆ ಮೂರು ಹೂವು, ಒಂದು ಬಳ್ಳಿ, ಅಲ್ಲಿಗೆ ಸಾಕು. ಯಾವ ಆಧಾರವೂ ಬೇಡ, ಹೂವೂ ಕಡಿಮೆ, ಖರ್ಚೂ ಕಡಿಮೆ. ಕೈ ಒಳಗೆ ಹೋಗದಿರುವುದೇ ಇದರ ಶಾಪ, ಒಳಗಿನ ಲೋಳೆ ಬಿಡುವುದಿಲ್ಲ. ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ವಿನೆಗರ್ ಹಾಕಿ ಚೆನ್ನಾಗಿ ಕುಲುಕಿ ತೊಳೆಯಬೇಕು.

ನೇರ ಗೋಡೆಯ, 10 ಸೆಂಟಿಮೀಟರ್ ಬಾಯಿಯ ಹೂದಾನಿಯಲ್ಲಿ ಹೂಗಳೆಲ್ಲ ಅಂಚಿಗೆ ಒರಗಿ ನಡುವೆ ಗುಂಡಿ ಬೀಳುತ್ತದೆ. ಬಾಯಿಯ ಮೇಲೆ ಅಡ್ಡ, ಉದ್ದ ಪಾರದರ್ಶಕ ಟೇಪ್ ಎಳೆದು 2ರಿಂದ 2.5 ಸೆಂಟಿಮೀಟರಿನ ಚೌಕಗಳು ಮಾಡಿದರೆ ಪರಿಹಾರ. ಗಾಜಿನ ಅಂಚು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಟೇಪ್ ಅರ್ಧ ದಿನದಲ್ಲಿ ಬಿಡುತ್ತದೆ. ಟೇಪ್ ಬೇಡವೆಂದರೆ ಎಲೆ ತೆಗೆದ ಐವಿಯ ದಂಟನ್ನು ಸುರುಳಿ ಸುತ್ತಿ ಹೂದಾನಿಯೊಳಗೆ ಇಳಿಬಿಡಿ. ಆ ಸುರುಳಿಯ ಸಂದಿಗಳೇ ಹೂವಿನ ದಂಟುಗಳನ್ನು ಹಿಡಿಯುತ್ತವೆ, ಹೊರಗಿನಿಂದ ನೋಡಲೂ ಚೆಂದ. ಟ್ರಾಡೆಸ್ಕಾಂಶಿಯಾದಲ್ಲಿ ಇದನ್ನು ಪ್ರಯತ್ನಿಸಿದರೆ ಚೂರುಚೂರಾಗುತ್ತದೆ.

ತೆಳು ಗಾಜಿನ, ತಳ ಕಿರಿದಾದ ಹೂದಾನಿ ಒಂದೇ ಕಡೆ ಇಳಿಬಿದ್ದ ಉದ್ದ ಬಳ್ಳಿಯ ಭಾರಕ್ಕೆ ಉರುಳಬಹುದು. ನೀರು ಮುಕ್ಕಾಲು ಭಾಗಕ್ಕಿಂತ ಕೆಳಗಿಳಿದ ದಿನವೇ ಅದು ಆಗುವುದು.

20 ಸೆಂಟಿಮೀಟರ್ ಹೂದಾನಿಗೆ ಒಂದು ಲೆಕ್ಕ

ನೇರ ಗೋಡೆ, 10 ಸೆಂಟಿಮೀಟರ್ ಬಾಯಿ ಎಂದಿಟ್ಟುಕೊಳ್ಳಿ. ಇದಕ್ಕೆ 7ರಿಂದ 9 ಹೂವು, ಮೂರು ಬಳ್ಳಿ. ನಾಲ್ಕಾದರೆ ಗೋಡೆ ಹತ್ತಿದ ಪೊದೆಯಂತೆ ಕಾಣತೊಡಗುತ್ತದೆ. ಬಳ್ಳಿಗಳ ಉದ್ದ ಒಂದೇ ಇರಬಾರದು: 45, 30, 20 ಸೆಂಟಿಮೀಟರ್. ಪ್ರತಿ ಬಳ್ಳಿಯ ಮೂರನೇ ಒಂದು ಭಾಗ ಗಾಜಿನೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೊರಗಿನ ಭಾರ ಒಳಗಿನ ತುದಿಯನ್ನು ನೀರಿನಿಂದ ಮೇಲೆತ್ತಿಬಿಡುತ್ತದೆ. ರಾತ್ರಿ ಸರಿಯಿದ್ದ ಬಳ್ಳಿ ಬೆಳಗ್ಗೆ ಒಣಗಿ ನಿಲ್ಲುವುದು ಇದರಿಂದಲೇ.

ಹೂವಿನ ದಂಟನ್ನು ಓರೆಯಾಗಿ 2 ಸೆಂಟಿಮೀಟರ್ ಕತ್ತರಿಸಿ, ತಂಪು ಜಾಗದಲ್ಲಿ ಕನಿಷ್ಠ ಎರಡು ಮೂರು ಗಂಟೆ ಆಳದ ನೀರಿನಲ್ಲಿಟ್ಟು ದಣಿವಾರಿಸಿ. ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ಇಳಿಬಿಟ್ಟು ನೋಡಿ. ತಾನಾಗಿ ಯಾವ ಕಡೆ ಬಾಗುತ್ತದೋ ಆ ಬಾಗನ್ನೇ ಅಂಚಿಗೆ ಹೊಂದಿಸಿ. ಬಾಗು ಬರುವ ಕಡೆ ಗೆಣ್ಣಿರಬಾರದು, ಎರಡು ಗೆಣ್ಣಿನ ನಡುವಿನ ಜಾಗವಾಗಿರಬೇಕು. ಅಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಎರಡು ಮೂರು ಸಲ ಸವರಿದರೆ ದಂಟು ಮುರಿಯದೆ ಒಲಿಯುತ್ತದೆ.

ಟೇಪಿನ ಚೌಕವಿದ್ದರೆ ಹೂವು ಮೊದಲು, ಬಳ್ಳಿ ಕೊನೆಗೆ. ಇಲ್ಲದಿದ್ದರೆ ಉಲ್ಟಾ: ಬಳ್ಳಿಯ ದಂಟುಗಳು ಒಳಗೆ ಒಂದನ್ನೊಂದು ಅಡ್ಡ ಹಾದು ಬಲೆಯಾಗುತ್ತವೆ, ಆಮೇಲೆ ಹೂವು. ಎತ್ತರದ ಹೂವು ಹೂದಾನಿಯ ಬಾಯಿಯಿಂದ 25ರಿಂದ 30 ಸೆಂಟಿಮೀಟರ್ ಮೇಲಿರಲಿ. ಉದ್ದ ಬಳ್ಳಿ ಎತ್ತರದ ಹೂವಿನ ಎದುರು ದಿಕ್ಕಿಗೆ ಇಳಿದರೆ ಜೋಡಣೆ ಒಂದು ಕಡೆ ವಾಲಿದಂತೆ ಅನ್ನಿಸುವುದಿಲ್ಲ.

ಜರ್ಬೆರಾ ಇಡುವವರಿಗೆ ಒಂದು ಎಚ್ಚರಿಕೆ. ಅದರ ರೋಮದ ಮೆತ್ತನೆಯ ದಂಟು ಆಳದ ನೀರಿನಲ್ಲಿ ಬೇಗ ಕೊಳೆಯುತ್ತದೆ, 5ರಿಂದ 7 ಸೆಂಟಿಮೀಟರ್ ನೀರು ಸಾಕು. ಅಷ್ಟು ಕಡಿಮೆ ನೀರಿಗೆ ಬಳ್ಳಿಯ ಗೆಣ್ಣು ಮುಟ್ಟಬೇಕೆಂದರೆ ಕಡ್ಡಿ ತಳದವರೆಗೂ ಇಳಿಯಬೇಕು. ಹಾಗಾಗಿ ಜರ್ಬೆರಾಗೆ ಉದ್ದ ದಂಟಿನ ಮನಿ ಪ್ಲಾಂಟ್ ಹೊಂದುತ್ತದೆ, ಸ್ಪೈಡರ್ ಪ್ಲಾಂಟಿನ ಮರಿ ಹೊಂದುವುದಿಲ್ಲ. ಡ್ಯಾಫೊಡಿಲ್ ಇನ್ನೂ ಜಗಳಗಂಟ. ಅದರ ದಂಟಿನ ಲೋಳೆ ಜೊತೆಯ ಹೂಗಳನ್ನು ಕೆಡಿಸುತ್ತದೆ, ಕತ್ತರಿಸಿ ಬೇರೆ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮತ್ತೆ ಕತ್ತರಿಸದೆ ಸೇರಿಸಬೇಕು.

ಕೆಡುವುದು ಎಲ್ಲಿ

ನೀರು ಹಸಿರಾದರೆ ಅದು ಪಾಚಿ, ಕಾರಣ ಬಿಸಿಲು. ನೇರ ಬಿಸಿಲು ಬೀಳದ ಬೆಳಕಿಗೆ ಸರಿಸಿ. ನೀರು ಹಾಲಿನಂತೆ ಬೆಳ್ಳಗಾದರೆ ಬ್ಯಾಕ್ಟೀರಿಯಾ, ಎಲ್ಲೋ ಒಂದು ಎಲೆ ಮುಳುಗಿದೆ. ಎರಡಕ್ಕೂ ಔಷಧ ಒಂದೇ ಎಂದುಕೊಂಡು ಬರೀ ನೀರು ಬದಲಿಸುತ್ತ ಹೋದರೆ ಮೂರನೇ ದಿನ ಮತ್ತೆ ಅದೇ ಕಥೆ. ಹೂದಾನಿ ಉಜ್ಜಿ ತೊಳೆಯದೆ ನೀರು ಬದಲಿಸುವುದೂ ಅಷ್ಟೇ, ಲೋಳೆ ಗಾಜಿಗೆ ಅಂಟಿಯೇ ಇರುತ್ತದೆ.

ನೀರು ಬದಲಿಸುವಾಗ ಹೂವಿನ ದಂಟನ್ನು ಪ್ರತಿ ಸಲ ಒಂದು ಸೆಂಟಿಮೀಟರ್ ಕತ್ತರಿಸಿ. ಬೇರು ಬಿಟ್ಟ ಬಳ್ಳಿಗೆ ಕತ್ತರಿ ತಾಕಿಸಬೇಡಿ, ಹರಿಯುವ ನೀರಿನಲ್ಲಿ ಬೇರು ತೊಳೆದರೆ ಸಾಕು. ಬಿಳಿ, ಗಟ್ಟಿ ಬೇರು ಆರೋಗ್ಯ. ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ಮೆತ್ತಗೆ ಸಿಕ್ಕರೆ ಕೊಳೆತಿದೆ, ಅದನ್ನಷ್ಟೇ ಕತ್ತರಿಸಿ ತೆಗೆಯಿರಿ. ಹಣ್ಣಿನ ಬುಟ್ಟಿಯ ಪಕ್ಕ ಹೂದಾನಿ ಬೇಡ. ಮಾಗಿದ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಶನ್ ಎಸಳು ಒಳಮುಖವಾಗಿ ಮುದುರುತ್ತದೆ. ಕೊಳೆಯುವ ಎಲೆಯಿಂದಲೂ ಅದೇ ಅನಿಲ ಬರುತ್ತದೆ, ಹಳದಿಯಾದ ಬಳ್ಳಿಯ ಎಲೆಯನ್ನು ಅಂದೇ ತೆಗೆಯಲು ಅಂದ ಮಾತ್ರ ಕಾರಣವಲ್ಲ.

ಯಾರಿಗೆ ಯಾವುದು

ವಾರಾಂತ್ಯದ ಅತಿಥಿಗಳಿಗಾಗಿ ಒಂದು ಸಲದ ಜೋಡಣೆಯಾದರೆ ಐವಿಯೇ ಸೈ, ಕೋಣೆ ತಂಪಾಗಿದ್ದರೆ ಮಾತ್ರ. ಸೆಖೆಯಾದರೆ ಫಿಲೋಡೆಂಡ್ರಾನ್. ಹೂವಿಗೆ ಹೆಚ್ಚು ಖರ್ಚು ಮಾಡಲು ಮನಸ್ಸಿಲ್ಲದವರು ಮನಿ ಪ್ಲಾಂಟಿನ ಮೂರು ಕಡ್ಡಿಗಳನ್ನು ಎರಡು ವಾರ ಮೊದಲೇ ಬೇರೆ ಬಾಟಲಿಯಲ್ಲಿ ಬೇರು ಬರಿಸಿ ಹೂದಾನಿಗೆ ತನ್ನಿ, ಕೊಳವೆಯಲ್ಲಿ ಒಂದೋ ಮೂರೋ ಹೂವು ಬದಲಿಸುತ್ತಿರಿ. ಹಸಿರು ತುಂಬಿರುವಾಗ ಒಂದೇ ಆಂಥೂರಿಯಂ ಕೂಡ ಬಡವಾಗಿ ಕಾಣುವುದಿಲ್ಲ, ಅದೂ ಎರಡು ವಾರ ಇರುತ್ತದೆ. ಬೇರು ಮೊದಲೇ ಬಂದಿದ್ದರೆ ಉದ್ದ ಬಳ್ಳಿಯೂ ಸೊರಗದು, ಅಷ್ಟೂ ಎಲೆಗಳಿಗೆ ಬೇಕಾದ ನೀರನ್ನು ಬೇರು ಎತ್ತಿಕೊಡುತ್ತದೆ.

ಬಣ್ಣವೇ ಮುಖ್ಯ, ಕೋಣೆಯಲ್ಲಿ ಒಳ್ಳೆಯ ಬೆಳಕಿದೆ ಎಂದರೆ ಟ್ರಾಡೆಸ್ಕಾಂಶಿಯಾ. ಹತ್ತು ದಿನಕ್ಕೊಮ್ಮೆ ಕುಡಿ ಬದಲಿಸಲು ತಯಾರಿರಿ. ಮಂದ ಬೆಳಕಿನ ಮೂಲೆಗೆ ಪಟ್ಟೆಯಿಲ್ಲದ ಹಸಿರು ಮನಿ ಪ್ಲಾಂಟ್ ಬಿಟ್ಟರೆ ಗತಿಯಿಲ್ಲ. ಬೆಕ್ಕು, ನಾಯಿ ಇರುವ ಮನೆಗೆ ಸ್ಪೈಡರ್ ಪ್ಲಾಂಟ್ ಇಲ್ಲವೇ ಸ್ವೀಡಿಷ್ ಐವಿ, ಜೊತೆಗೆ ಗುಲಾಬಿ ಅಥವಾ ಜರ್ಬೆರಾ. ಸೇವಂತಿಗೆ ಅವುಗಳಿಗೆ ಆಗದು, ಲಿಲ್ಲಿಯಂತೂ ಬೆಕ್ಕಿರುವ ಮನೆಯ ಹೊಸ್ತಿಲು ದಾಟಲೇಬಾರದು. ಅದರ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿದರೂ ಮೂತ್ರಪಿಂಡ ಕೈಕೊಡುತ್ತದೆ.

ಬಳ್ಳಿಯನ್ನು ಮುಂದೆ ಕುಂಡಕ್ಕೆ ಹಾಕುವ ಯೋಚನೆಯಿದ್ದರೆ ಬೇರು 3ರಿಂದ 5 ಸೆಂಟಿಮೀಟರ್ ಆದಾಗಲೇ ಹಾಕಿ. ನೀರಿನಲ್ಲೇ ಉದ್ದ ಬೆಳೆದ ಬೇರು ಮಣ್ಣಿಗೆ ಒಗ್ಗಲು ಬಹಳ ತಿಣುಕುತ್ತದೆ. ನೆಟ್ಟ ಮೊದಲ ಒಂದೆರಡು ವಾರ ಮಣ್ಣಿನ ತೇವ ಆರಲು ಬಿಡಬೇಡಿ. ನೀರಿನಲ್ಲೇ ಉಳಿಸುವವರು ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು ಹೇಳಿದ ಪ್ರಮಾಣದ ಕಾಲು ಭಾಗಕ್ಕೆ ಇಳಿಸಿ ಹಾಕಬಹುದು, ಆದರೆ ಆ ವಾರ ಹೊರಗಿನ ನೀರಿನಲ್ಲಿ ಹೂವು ಇರದಂತೆ ನೋಡಿಕೊಳ್ಳಿ.